ಉಪ್ಪಾರಹಳ್ಳಿಯಲ್ಲಿ ನೋಡೋಕೆ ಏನಿದೆ?

"ನಿಮ್ಮೂರಲ್ಲಿ ನೋಡೋಕೆ ಏನಿದೆ ಮಾರಾಯಾ?"

ಹೀಗೆ ಕೇಳಿದವನು ನನ್ನ ಹಳೇ ಕಾಲೇಜು ಗೆಳೆಯ. ಹಾಲೆಂಡಿನಲ್ಲಿ ಕೆಲಸ, ವರ್ಷಕ್ಕೊಮ್ಮೆ ರಜೆಗೆ ಬರ್ತಾನೆ. ಈ ಸಲ ಒಂದು ಭಾನುವಾರ ಪೂರ್ತಿ ನನಗೇ ಅಂತ ಇಟ್ಟಿದ್ದ. ಬೆಂಗಳೂರಿನಿಂದ ಬೆಳಿಗ್ಗೆ ಬೇಗ ಹೊರಟು ನಮ್ಮನೆಗೆ ಬಂದು, ತಟ್ಟೆ ಇಡ್ಲಿ ಮುಗಿಸಿ, ಕೈ ಒರೆಸಿಕೊಳ್ಳುತ್ತಾ ಈ ಪ್ರಶ್ನೆ ಎಸೆದ.

ನಮ್ಮನೆ ಇರೋದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಹೆಸರಲ್ಲಿ ಹಳ್ಳಿ, ಈಗ ಅದು ಊರೊಳಗಿನ ಒಂದು ಬಡಾವಣೆ. ಯಾರಿಗಾದರೂ ಗುರುತು ಹೇಳಬೇಕೆಂದರೆ "ಉಪ್ಪಾರಹಳ್ಳಿ ಫ್ಲೈಓವರ್" ಅಂತೀವಿ. ಅಷ್ಟೇ. ಪ್ರವಾಸಿಗರ ಪಟ್ಟಿಯಲ್ಲಿ ನಮ್ಮ ಹೆಸರು ಬಂದದ್ದನ್ನು ನಾನಂತೂ ಕಂಡಿಲ್ಲ.

ನಾನೂ ಎಲ್ಲರ ಹಾಗೆ ಪಟ್ಟಿ ಒಪ್ಪಿಸಿದೆ. ಸಿದ್ಧಗಂಗಾ ಮಠ, ದೇವರಾಯನದುರ್ಗ, ನಾಮದ ಚಿಲುಮೆ, ಗೂಳೂರು, ಕೈದಾಳ. ಗುಬ್ಬಿಗೆ ಹೋದರೆ ಚನ್ನಬಸವೇಶ್ವರ ದೇವಸ್ಥಾನ, 1884ರಲ್ಲಿ ಶುರುವಾದ ನಾಟಕ ಕಂಪನಿಯ ನೆನಪು, ಗುಬ್ಬಿ ವೀರಣ್ಣನವರ ಊರು. ಕುಣಿಗಲ್ ಕಡೆಗೆ ಹೋದರೆ ದೊಡ್ಡ ಕೆರೆ, ಹೈದರಾಲಿ ಕಾಲದಿಂದ ಹೆಸರಾದ ಕುದುರೆ ಫಾರ್ಮು, ಯಡಿಯೂರು ಸಿದ್ಧಲಿಂಗೇಶ್ವರ, ಮಾರ್ಕೋನಹಳ್ಳಿ ಅಣೆಕಟ್ಟು.

ಅವನು ಎಲ್ಲ ಕೇಳಿಸಿಕೊಂಡು, "ಅದೆಲ್ಲ ಜಿಲ್ಲೆದಾಯ್ತು. ನಿಮ್ಮ ಉಪ್ಪಾರಹಳ್ಳಿದು ಹೇಳೋ" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ :-)

ಆಮೇಲೆ ಅವನು ಫೋನ್ ತೆಗೆದು ಕೆಲವು ಫೋಟೋ ತೋರಿಸಿದ. ಹಾಲೆಂಡಿನ ಉತ್ತರ ತುದಿಯಲ್ಲಿ ಫ್ರೀಸ್‌ಲ್ಯಾಂಡ್ ಅಂತ ಒಂದು ಸೀಮೆ ಇದೆ. ಸಮುದ್ರದ ಪಕ್ಕ ಚಪ್ಪಟೆ ನೆಲ, ಹಸು, ಹುಲ್ಲು. ಸಮುದ್ರಕ್ಕೆ ಒಡ್ಡು ಕಟ್ಟುವುದನ್ನು ಕಲಿಯುವ ಮುಂಚೆ, ಇವತ್ತಿಗೆ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ, ಅಲ್ಲಿನ ಜನ ಮಣ್ಣು, ಸಗಣಿ, ಕಸ ಪೇರಿಸಿ ದಿಬ್ಬ ಮಾಡಿಕೊಂಡು ಅದರ ಮೇಲೆ ಮನೆ ಕಟ್ಟಿಕೊಂಡರು. ಉಬ್ಬರ ಬಂದಾಗ ಸುತ್ತ ನೀರು, ಮಧ್ಯೆ ಊರು. ಆ ದಿಬ್ಬಕ್ಕೆ ಟೆರ್ಪ್ ಅಂತ ಹೆಸರು. ಹೊಗೆಬೈಂಟಮ್ ಎಂಬಲ್ಲಿ ಇರೋದು ಎಲ್ಲಕ್ಕಿಂತ ಎತ್ತರದ್ದು, ಹತ್ತಿರ ಹತ್ತಿರ 9 ಮೀಟರು. ಮೇಲೊಂದು ಹಳೇ ಚರ್ಚು. ಜನ ಬಂದು ನೋಡಿಕೊಂಡು ಹೋಗ್ತಾರೆ. ಇನ್ನೂ ತಮಾಷೆ ಅಂದರೆ, ಹತ್ತೊಂಬತ್ತನೇ ಶತಮಾನದಲ್ಲಿ ಮತ್ತು ಇಪ್ಪತ್ತರ ಆರಂಭದಲ್ಲಿ ಇಂಥ ಎಷ್ಟೋ ದಿಬ್ಬಗಳನ್ನು ಅಗೆದು ಹೊಲಕ್ಕೆ ಗೊಬ್ಬರ ಅಂತ ಮಾರಿಬಿಟ್ಟರಂತೆ. ನಮ್ಮಲ್ಲಿ ಕೆರೆಯ ಗೋಡುಮಣ್ಣು ಹೊಡೆಯೋಲ್ವಾ, ಹಾಗೆ! ಅದೇ ಸೀಮೆಯ ಲೆಮ್ಮರ್ ಎಂಬಲ್ಲಿ 1920ರಲ್ಲಿ ಕಟ್ಟಿದ, ನೀರು ಎತ್ತಿ ಹೊರಹಾಕುವ ಒಂದು ಉಗಿಯಂತ್ರದ ಕಟ್ಟಡವಿದೆ. 1998ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೇ ಸೇರಿತು.

"ಮಣ್ಣಿನ ಗುಡ್ಡೆ, ಪಂಪ್‌ಹೌಸು... ಇದನ್ನ ನೋಡೋಕೆ ಟಿಕೆಟ್ ಕೊಟ್ಟು ಹೋಗಿದ್ದೆ ಕಣೋ" ಅಂದ ಅವನು. ಇಬ್ಬರೂ ನಕ್ಕೆವು.

ನಗು ನಿಂತ ಮೇಲೆ ನನಗೆ ನಮ್ಮಜ್ಜ ನೆನಪಾದರು.

* * *

ನಮ್ಮಜ್ಜ ಮಣ್ಣಿನ ಕೆಲಸದವರು. ಕೆರೆ ಏರಿ ರಿಪೇರಿ, ರಸ್ತೆಗೆ ಮಣ್ಣು ಹಾಕೋದು, ಬಾವಿ ತೋಡೋದು. ಚಿಕ್ಕಂದಿನಲ್ಲಿ ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳುತ್ತಿರಲಿಲ್ಲ ನಾನು. ಶಾಲೆಯಲ್ಲಿ ಊರ ಹೆಸರು ಹೇಳಿದರೆ ಹುಡುಗರು "ಒಂದು ಸೇರು ಉಪ್ಪು ಕೊಡೋ" ಅಂತ ಕಾಡಿಸೋರು. ಹಾಗಾಗಿ ವಿಳಾಸ ಬರೆಯುವಾಗ ಉಪ್ಪಾರಹಳ್ಳಿ ಬಿಟ್ಟು, ಬರೀ ಅಡ್ಡರಸ್ತೆ, ತುಮಕೂರು ಅಂತ ಬರೆಯುತ್ತಿದ್ದೆ. ಕಾಗದ ಹೇಗೋ ಬಂದು ಸೇರುತ್ತಿತ್ತು.

ಉಪ್ಪಾರ ಅನ್ನೋ ಹೆಸರು ಬಂದಿರೋದು ಉಪ್ಪಿನಿಂದಲೇ. ಸಮುದ್ರ ಇಲ್ಲದ ಈ ಬಯಲುಸೀಮೆಯಲ್ಲಿ ಉಪ್ಪು ಎಲ್ಲಿಂದ ಅಂತೀರಾ? ಮಣ್ಣಿನಿಂದ. ಬೇಸಿಗೆಯಲ್ಲಿ ಚೌಳು ನೆಲದ ಮೇಲೆ ಬೆಳ್ಳಗೆ ಪುಡಿ ಏಳುತ್ತಲ್ಲ, ಅದನ್ನು ಕೆರೆದು ರಾಶಿ ಹಾಕಬೇಕು. ಎತ್ತರದ ಕಟ್ಟೆಯ ಮೇಲೆ ಆ ಮಣ್ಣು ತುಂಬಿ ನೀರು ಹೊಯ್ದರೆ ಉಪ್ಪೆಲ್ಲ ಕರಗಿ ಕೆಳಗಿಳಿಯುತ್ತೆ. ಆ ನೀರನ್ನು ತಟ್ಟೆಯಂಥ ಗುಂಡಿಗಳಿಗೆ ಬಿಟ್ಟು ಬಿಸಿಲಿಗೆ ಒಣಗಿಸಿದರೆ ತಳದಲ್ಲಿ ಉಪ್ಪು. ಸಮುದ್ರದ ಉಪ್ಪು ಅಗ್ಗವಾಗಿ ಸಿಗತೊಡಗಿದ ಮೇಲೆ ಈ ಕಸುಬು ನಿಂತಿತು. ಆದರೆ ಮಣ್ಣಿನ ಗುಣ ಗೊತ್ತಿದ್ದ ಕೈಗಳು ಖಾಲಿ ಕೂರಲಿಲ್ಲ. ಕೆರೆ, ಬಾವಿ, ಗೋಡೆ, ಗಾರೆ ಅಂತ ಹೊರಟವು. ಉಪ್ಪಾರರು ತಮ್ಮನ್ನು ಸಗರನ ವಂಶದವರು, ಭಗೀರಥನ ಕುಲದವರು ಅಂತ ಹೇಳಿಕೊಳ್ಳುತ್ತಾರೆ. ಭೂಮಿ ಅಗೆದವರು ಸಗರನ ಮಕ್ಕಳು, ನೀರು ತಂದವನು ಭಗೀರಥ. ಕೆರೆ ತೋಡುವವರು ಬೇರೆ ಯಾರನ್ನು ಮೂಲಪುರುಷ ಅಂದುಕೊಂಡಾರು ಹೇಳಿ?

ಅಜ್ಜ ಹೇಳುತ್ತಿದ್ದ ಒಂದು ವಿಷಯ ನನಗೆ ಚೆನ್ನಾಗಿ ನೆನಪಿದೆ. ಮಣ್ಣು ತೋಡುವಾಗ ಗುಂಡಿಯ ನಡುವೆ ಒಂದು ಕಂಬದಷ್ಟು ಮಣ್ಣನ್ನು ಮುಟ್ಟದೆ ಹಾಗೇ ಬಿಡುತ್ತಿದ್ದರಂತೆ, ತಲೆಯ ಮೇಲೆ ಹುಲ್ಲಿನ ಸಮೇತ. ಮೊದಲು ನೆಲ ಎಷ್ಟು ಎತ್ತರಕ್ಕಿತ್ತು ಅನ್ನೋದಕ್ಕೆ ಅದೇ ಗುರುತು. ಅಳತೆಯವರು ಬಂದು ಆ ಕಂಬದ ಎತ್ತರ ಹಿಡಿದು, ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ ಅಂತ ಲೆಕ್ಕ ಹಾಕಿ ಕೂಲಿ ಬರೆಯೋರು. ಅಜ್ಜ ಅದಕ್ಕೆ "ಸಾಕ್ಷಿ" ಅನ್ನೋರು. "ಸಾಕ್ಷಿ ಬೀಳಿಸಿದ್ಯೋ, ದಿನದ ಕೂಲಿ ಹೋಯ್ತು" ಅಂತ ಹುಡುಗರನ್ನು ಗದರುತ್ತಿದ್ದರಂತೆ. ಅಳತೆ ಮುಗಿದು ದುಡ್ಡು ಕೈಗೆ ಬಂದ ಮೇಲೆ ಕೊನೆಗೆ ಆ ಸಾಕ್ಷಿಯನ್ನೂ ಕಡಿದು ಏರಿಗೆ ಹಾಕಿಬಿಡುವುದು.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಅವನು ಕಾರಿನ ಕೀ ತೆಗೆದುಕೊಂಡು, "ಸರಿ, ಇವತ್ತು ಮಣ್ಣು ನೋಡೋಣ ನಡಿ" ಅಂದ.

* * *

ಮೊದಲು ಗೂಳೂರು. ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ನಾಲ್ಕು ಮಾತು ಮುಗಿಯುವಷ್ಟರಲ್ಲಿ ಸಿಗುತ್ತೆ. ಇಲ್ಲಿನ ಮಹಾಗಣಪತಿಯನ್ನು ನೋಡಿಲ್ಲದವರು ಒಮ್ಮೆ ಬನ್ನಿ. ಎಲ್ಲ ಕಡೆ ಚೌತಿಗೆ ಗಣಪತಿ ಕೂರಿಸಿದರೆ ಇಲ್ಲಿ ಚೌತಿಯಂದು ಗಣಪತಿ ಮಾಡಲು ಶುರು ಮಾಡುತ್ತಾರೆ! ಕೆರೆಯ ಜೇಡಿಮಣ್ಣು ತಂದು, ದೀಪಾವಳಿಯ ಬಲಿಪಾಡ್ಯಮಿಯವರೆಗೆ ಮೆತ್ತಿ ಮೆತ್ತಿ ಆಳೆತ್ತರ ಮೀರಿದ ಮೂರ್ತಿ ಮಾಡುತ್ತಾರೆ. ಕಾರ್ತೀಕ ಮಾಸವೆಲ್ಲ ಪೂಜೆ. ಆಮೇಲೆ ಜಾತ್ರೆ, ಮೆರವಣಿಗೆ, ಮತ್ತೆ ಅದೇ ಗೂಳೂರು ಕೆರೆಗೆ ವಿಸರ್ಜನೆ. ನಾವು ಹೋದಾಗ ಗುಡಿಯಲ್ಲಿ ಮೂರ್ತಿ ಇರಲಿಲ್ಲ, ಕಾಲವಲ್ಲ. ಬರೀ ಪೀಠ. "ದೇವರು ಎಲ್ಲಿ?" ಅಂದ ಗೆಳೆಯ. ಕೆರೆ ಕಡೆ ಕೈ ತೋರಿಸಿದೆ.

ಅಲ್ಲಿಂದ ಕೈದಾಳ. ಇದರ ಕಥೆ ನಿಮಗೆಲ್ಲ ಗೊತ್ತು. ಬೇಲೂರಿನಲ್ಲಿ ವಿಗ್ರಹ ಕೆತ್ತುತ್ತಿದ್ದ ಜಕಣಾಚಾರಿಗೆ ಒಬ್ಬ ಹುಡುಗ ಬಂದು ಕಲ್ಲಿನಲ್ಲಿ ದೋಷ ಇದೆ ಅಂದನಂತೆ. ಇದ್ದರೆ ನನ್ನ ಬಲಗೈ ಕಡಿದುಕೊಳ್ಳುತ್ತೇನೆ ಅಂತ ಜಕಣ ಪಣ ತೊಟ್ಟ. ಗಂಧ ಬಳಿದು ನೋಡಿದರೆ ಒಂದು ಕಡೆ ಒಣಗಲಿಲ್ಲ, ಒಡೆದರೆ ಒಳಗೆ ಕಪ್ಪೆ. ಕೈ ಹೋಯಿತು. ಆ ಹುಡುಗ ಅವನ ಮಗ ಡಂಕಣ ಅಂತ ಆಮೇಲೆ ಗೊತ್ತಾಯಿತು. ಸ್ವಂತ ಊರು ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಮತ್ತೆ ಬಂತು, ಊರು ಕೈದಾಳ ಆಯಿತು.

ಶಾಸನದ ಲೆಕ್ಕ ಬೇರೆ. ಹೊಯ್ಸಳರ ಸಾಮಂತ ಗೂಳಿ ಬಾಚಿ ಎಂಬವನು 1150ರ ಆಸುಪಾಸಿನಲ್ಲಿ ಇಲ್ಲಿ ಗುಡಿ ಕಟ್ಟಿಸಿದ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಬೇಲೂರಿನ ಶಿಲ್ಪಗಳ ಕೆಳಗೆ ಸಹಿ ಹಾಕಿರುವವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು. ಅಲ್ಲಿ ಜಕಣಾಚಾರಿಯ ಸಹಿ ಇಲ್ಲ. ಹಾಗಂತ ನಾನು ಕಥೆಯನ್ನು ತಳ್ಳಿಹಾಕೋನಲ್ಲ. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿದ್ದರೂ ಜನ ನೆನಪಿಟ್ಟುಕೊಂಡಿರೋದು ಕೆತ್ತಿದವನ ಕೈಯನ್ನು. ಎಷ್ಟು ಜನಕ್ಕೆ ಗೂಳಿ ಬಾಚಿ ಗೊತ್ತು? ಈ ವಿಷಯದಲ್ಲಿ ನಮ್ಮ ಜನಪದರು ಶಾಸನ ಬರೆದವರಿಗಿಂತ ದೊಡ್ಡವರು ಅನ್ನಿಸುತ್ತೆ.

ಆದರೆ ಒಂದು ಮಾತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಎಲ್ಲರೂ ಖುಷಿಪಟ್ಟೆವು. ಅದರಲ್ಲಿ ಕಟ್ಟಿಸಿದ ರಾಜರ ಹೆಸರಿದೆ, ಕೆತ್ತಿದ ಶಿಲ್ಪಿಗಳ ಹೆಸರೂ ಕೆಲವಿವೆ. ಅದೇ ಕಾಲದಲ್ಲಿ ಅದೇ ರಾಜರು ಕಟ್ಟಿಸಿದ ಕೆರೆಗಳಲ್ಲಿ ಮಣ್ಣು ಹೊತ್ತವರ ಹೆಸರು? ಕಲ್ಲಿಗೆ ಸಹಿ ಹಾಕಬಹುದು. ಮಣ್ಣಿಗೆ ಹೇಗೆ ಹಾಕೋದು?

* * *

ಮಧ್ಯಾಹ್ನ ಕುಣಿಗಲ್ ಕೆರೆ ಏರಿ ಮೇಲೆ ನಿಂತಾಗ ಈ ಪ್ರಶ್ನೆ ಇನ್ನೂ ಜೋರಾಯಿತು. ಈ ಕೆರೆಯ ಹಾಡು ಕೇಳದ ಕನ್ನಡಿಗರಿಲ್ಲ. ಒಂದು ಕೆರೆಯನ್ನು ಹೆಣ್ಣನ್ನು ಹೊಗಳಿದ ಹಾಗೆ ಹೊಗಳೋ ಹಾಡು ಬೇರೆ ಯಾವ ಭಾಷೆಯಲ್ಲಿದೆಯೋ ನಾ ಕಾಣೆ. ಈ ಊರೂ ಬಹಳ ಹಳೆಯದು. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಸಿಕ್ಕಿದ ತಾಮ್ರಪಟ ಒಂದಿದೆ. ರಾಷ್ಟ್ರಕೂಟರ ಮುಮ್ಮಡಿ ಗೋವಿಂದನದು, ಶಕ ವರ್ಷ 735, ಅಂದರೆ ಕ್ರಿ.ಶ. 812-13. ಅದರಲ್ಲಿ 'ಕುಣುಂಗಿಲ್' ದೇಶ ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಕಾಟ ಕಳೆಯಿತು ಅಂತ ಅರ್ಕಕೀರ್ತಿ ಎಂಬ ಜೈನಮುನಿಗೆ ಒಂದು ಊರನ್ನು ದಾನ ಕೊಟ್ಟ ವಿಷಯವಿದೆ. ಆ ಕುಣುಂಗಿಲ್ ಇವತ್ತಿನ ಕುಣಿಗಲ್. 1200 ವರ್ಷದ ಹಿಂದೆ ಒಬ್ಬ ದೊರೆಗೆ ಶನಿ ಕಾಡಿದ್ದು ನಮಗೆ ಗೊತ್ತು. ಈ ಏರಿಗೆ ಮಣ್ಣು ಹೊತ್ತ ಒಬ್ಬನೇ ಒಬ್ಬನ ಹೆಸರು ಗೊತ್ತಿಲ್ಲ.

ಹಾಗಂತ ಹಳೇ ಕಾಲದವರು ಕೆರೆಯನ್ನು ಕಡೆಗಣಿಸಿದ್ದರು ಅಂದುಕೊಳ್ಳಬೇಡಿ. ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಪದ ಬರುತ್ತವೆ. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ ಅದು. ಹೂಳೆತ್ತಿ ಏರಿಗೆ ಮಣ್ಣು ಹಾಕುವ ಕೆರೆಬಂಡಿಗೇ ಬೇರೆ ದತ್ತಿ ಇರುತ್ತಿತ್ತು. ಕೆರೆ ಒಂದು ಸಲ ಕಟ್ಟಿ ಮುಗಿಯೋ ವಸ್ತು ಅಲ್ಲ, ಪ್ರತಿ ವರ್ಷ ಕಟ್ಟಬೇಕಾದ್ದು ಅಂತ ಅವರಿಗೆ ಗೊತ್ತಿತ್ತು. ತೂಬು ಎತ್ತಲು ನೀರುಗಂಟಿ, ಮಣ್ಣಿಗೆ ಬಂಡಿ, ಹೆಚ್ಚಾದ ನೀರಿಗೆ ಕೋಡಿ. ಒಂದು ಕೆರೆಯ ಕೋಡಿ ಹರಿದರೆ ಕೆಳಗಿನ ಇನ್ನೊಂದು ಕೆರೆಗೆ ನೀರು. ಕಲ್ಲಿನ ಗುಡಿಗೆ ನೂರು ವರ್ಷ ಬೀಗ ಹಾಕಿದರೂ ನಿಂತಿರುತ್ತೆ. ಕೆರೆಯನ್ನು ಇಪ್ಪತ್ತು ವರ್ಷ ಬಿಟ್ಟುನೋಡಿ!

ಊಟ ಮುಗಿಸಿ ಯಡಿಯೂರು ದಾಟಿ ಮಾರ್ಕೋನಹಳ್ಳಿಗೆ ಹೋದೆವು. ಶಿಂಷಾ ನದಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಕಟ್ಟು. ನೀರು ಮಟ್ಟ ಮೀರಿದರೆ ತಾನಾಗಿಯೇ ಹೊರಹೋಗುವ ಸೈಫನ್ ವ್ಯವಸ್ಥೆಗೆ ಇದು ಹೆಸರುವಾಸಿ. ಯಾರೂ ಗೇಟು ಎತ್ತಬೇಕಿಲ್ಲ. ಗೆಳೆಯ ಇಂಜಿನಿಯರು ನೋಡಿ, ಸೈಫನ್ ಹತ್ತಿರ ನಿಂತವನು ಅಲ್ಲಾಡಲಿಲ್ಲ. ಅವನಿಗೆ ಅದರ ಅಂಕಿ ಹೇಳಿದೆ. ಕಲ್ಲುಗಾರೆಯ ಭಾಗ ಸುಮಾರು 139 ಮೀಟರು. ಎರಡೂ ಬದಿಯ ಮಣ್ಣಿನ ಏರಿ ಸುಮಾರು 1,470 ಮೀಟರು. ಎಲ್ಲರೂ ಫೋಟೋ ತೆಗೆಸಿಕೊಳ್ಳೋದು ಆ 139 ಮೀಟರಿನ ಮುಂದೆ. ಉಳಿದ ಸುಮಾರು ಒಂದೂವರೆ ಕಿಲೋಮೀಟರು ಸುಮ್ಮನೆ ಹುಲ್ಲು ಬೆಳೆದ ದಿಬ್ಬ. ನೀರನ್ನು ಹಿಡಿದಿಟ್ಟಿರೋದರಲ್ಲಿ ಅದರ ಪಾಲು ಎಷ್ಟು ಅಂತ ಲೆಕ್ಕ ನೀವೇ ಹಾಕಿ.

ಗೆಳೆಯ ಆ ದಿಬ್ಬದ ಮೇಲೆ ಸ್ವಲ್ಪ ದೂರ ನಡೆದು ಬಂದ. "ಫ್ರೀಸ್‌ಲ್ಯಾಂಡಿನದೂ ಇಷ್ಟೇ ಕಣೋ. ಆದರೆ ಅಲ್ಲಿ ಬೋರ್ಡ್ ಇದೆ" ಅಂದ.

* * *

ವಾಪಸ್ ಬರುವಾಗ ಗುಬ್ಬಿ ತಾಲ್ಲೂಕಿನ ಕಡಬದ ಕಡೆಯಿಂದ ಬಂದೆವು. ಅದೇ ತಾಮ್ರಪಟದ ಕಡಬ. ಇಲ್ಲೂ ಶಿಂಷೆಗೆ ಕಟ್ಟಿದ ದೊಡ್ಡ ಕೆರೆ. ದೇವರಾಯನದುರ್ಗದಲ್ಲಿ ಹುಟ್ಟಿ ಬರುವ ಹೊಳೆ ಇಲ್ಲಿ ನಿಂತು, ಮಾರ್ಕೋನಹಳ್ಳಿಯಲ್ಲಿ ಮತ್ತೆ ನಿಂತು, ಮಂಡ್ಯದ ಕಡೆ ಇಳಿದು ಕಾವೇರಿ ಸೇರುತ್ತೆ. ಬೆಳಿಗ್ಗೆಯಿಂದ ನಾವು ಸುತ್ತಿದ್ದು ಒಂದು ರೀತಿ ಇದರ ಜಾಡನ್ನೇ.

ಕಡಬದ ಕೆರೆಗೆ ಒಂದು ಸ್ಥಳಪುರಾಣ ಇದೆ. ಲಂಕೆಯಿಂದ ಹಿಂದಿರುಗುವಾಗ ರಾಮ ಇಲ್ಲಿ ತಂಗಿದ್ದನಂತೆ. ಸೀತೆ ಕೇಳಿಕೊಂಡಳು ಅಂತ ರಾಮ ಈ ಕೆರೆ ಕಟ್ಟಿಸಿದನಂತೆ. ನಾಮದ ಚಿಲುಮೆಯಲ್ಲೂ ಹಾಗೇ, ರಾಮನ ಬಾಣಕ್ಕೆ ಬಂಡೆಯಿಂದ ನೀರು ಚಿಮ್ಮಿತು. ಚೆಂದದ ಕಥೆಗಳು. ಆದರೆ ಕಥೆಯೊಳಗೆ ಗುದ್ದಲಿ ಹಿಡಿದವರು ಕಾಣೋದೇ ಇಲ್ಲ ನೋಡಿ. ಕೆರೆಯ ಕಥೆಯಲ್ಲಿ ಜೀವ ಕೊಟ್ಟವರ ಹೆಸರು ಉಳಿದಿರೋದು 'ಕೆರೆಗೆ ಹಾರ'ದಂಥ ಹಾಡುಗಳಲ್ಲಿ. ಅಲ್ಲೂ ಕೆರೆಗೆ ಬಲಿಯಾದ ಸೊಸೆಯ ಹೆಸರು ಭಾಗೀರಥಿ. ಸಗರ, ಭಗೀರಥ, ಭಾಗೀರಥಿ... ನೀರಿನ ಕಥೆಯಲ್ಲಿ ಈ ಹೆಸರುಗಳು ಮತ್ತೆ ಮತ್ತೆ ಬರುತ್ತವೆ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಕೆರೆಗಳನ್ನೆಲ್ಲ ಉಪ್ಪಾರರೇ ಕಟ್ಟಿದರು ಅಂತ ನಾನು ಹೇಳ್ತಿಲ್ಲ. ಬೋವಿಗಳು ಕಲ್ಲು ಒಡೆದರು, ಮಣ್ಣು ಹೊತ್ತರು. ಊರೂರಿನ ಕೂಲಿಗಳು ಬಿಟ್ಟಿಚಾಕರಿಗೂ ದುಡಿದರು. ನನ್ನ ವಾದ ಯಾವುದೋ ಒಂದು ಜಾತಿಗೆ ಕಿರೀಟ ಇಡೋದಲ್ಲ. ನಾವು 'ಪರಂಪರೆ' ಅನ್ನೋ ಪದವನ್ನು ಗುಡಿ, ಕೋಟೆ, ಅರಮನೆಗೆ ಮೀಸಲಿಟ್ಟಿದ್ದೀವಿ. ತುಮಕೂರು ಸೀಮೆಯಲ್ಲಿ ಮನುಷ್ಯರು ಕಟ್ಟಿದ ಅತಿ ದೊಡ್ಡ ವಸ್ತುಗಳು ಗುಡಿಗಳಲ್ಲ, ಕೆರೆ ಏರಿಗಳು. ಅವು ಕಣ್ಣಿಗೆ ಬೀಳದೇ ಇರೋದಕ್ಕೆ ಕಾರಣ ಅವು ಗುಡ್ಡದ ಹಾಗೆ, ನೆಲದ ಹಾಗೆ, ಮೊದಲಿನಿಂದಲೂ ಅಲ್ಲೇ ಇದ್ದ ಹಾಗೆ ಕಾಣೋದು. ಕೆಲಸ ಅಷ್ಟು ಚೆನ್ನಾಗಿ ಆಗಿದೆ ಅಂತ ಅರ್ಥ. ಕೆರೆ ಯಾರೂ ಕಟ್ಟಿದ್ದಲ್ಲ ಅನ್ನೋ ಹಾಗೆ ನೋಡಿದರೆ, ಅದನ್ನು ಮುಚ್ಚಿ ಸೈಟು ಮಾಡೋದೂ ಸುಲಭ. ಗುಡಿ ಕೆಡವಲು ಬಂದರೆ ಊರೇ ಎದ್ದು ನಿಲ್ಲುತ್ತೆ. ರಾಜಕಾಲುವೆ ಮುಚ್ಚಿದರೆ ಮಳೆಗಾಲದವರೆಗೆ ಯಾರಿಗೂ ಗೊತ್ತಾಗೋದಿಲ್ಲ.

* * *

ಸಂಜೆ ಮನೆಗೆ ಬಂದಾಗ ಗೆಳೆಯನ ಚಪ್ಪಲಿ ತುಂಬಾ ಕೆಂಪು ಮಣ್ಣು. ಅಮ್ಮ ಬಾಗಿಲಲ್ಲೇ ನಿಲ್ಲಿಸಿ ನೀರು ಕೊಟ್ಟರು. ಕಾಲು ತೊಳೆಯುತ್ತಾ ಅವನು ಮತ್ತೆ ಅದೇ ಪ್ರಶ್ನೆಗೆ ಬಂದ. "ಎಲ್ಲಾ ಸರಿ, ಉಪ್ಪಾರಹಳ್ಳಿಲಿ ನೋಡೋಕೆ ಏನಿದೆ ಅಂತ ನೀನು ಇನ್ನೂ ಹೇಳಿಲ್ಲ."

ಈ ಸಲ ಉತ್ತರ ಇತ್ತು. ನಮ್ಮ ರಸ್ತೆಯ ತುದಿಯ ಅಂಗಡಿಯ ಬೋರ್ಡು ತೋರಿಸಿದೆ. ಅಂಗಡಿ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ, 'ಉಪ್ಪಾರಹಳ್ಳಿ, ತುಮಕೂರು'.

ಕರ್ನಾಟಕದಲ್ಲಿ ಉಪ್ಪಾರಹಳ್ಳಿ ಅನ್ನೋ ಊರು ಇದೊಂದೇ ಅಲ್ಲ, ಬೆಂಗಳೂರಿನಲ್ಲೂ ಒಂದಿದೆ. ಗುಂಡಿ ತೋಡಿ ಮಣ್ಣೆಲ್ಲ ಹೊತ್ತು ಹಾಕಿದ ಮೇಲೆ ನಡುವೆ ಉಳಿಸಿದ ಕಂಬದ ಹಾಗೆ ಈ ಹೆಸರುಗಳು ನಿಂತಿವೆ. ಇಷ್ಟು ಎತ್ತರಕ್ಕೆ ನೆಲ ಇತ್ತು, ಇಷ್ಟು ಆಳಕ್ಕೆ ಯಾರೋ ತೋಡಿದರು ಅಂತ ಹೇಳೋಕೆ ಉಳಿದಿರೋ ಸಾಕ್ಷಿ. ಬಡಾವಣೆಗಳಿಗೆಲ್ಲ ಹೊಸ ಹೊಸ ಹೆಸರು ಇಡುತ್ತಿರುವ ಕಾಲ ಇದು. ಯಾವತ್ತೋ ಯಾರಾದರೂ "ಈ ಹಳೇ ಹೆಸರು ಚೆನ್ನಾಗಿಲ್ಲ, ಬದಲಾಯಿಸೋಣ" ಅಂತ ಬಂದರೆ ನಾನಂತೂ ಅಡ್ಡ ನಿಲ್ತೀನಿ. ಈ ಸಾಕ್ಷಿಯ ಅಳತೆ ಇನ್ನೂ ಆಗಿಲ್ಲ, ಕೂಲಿ ಇನ್ನೂ ಬಂದಿಲ್ಲ.

ಆ ಭಾನುವಾರದ ಮೇಲೆ ವಿಳಾಸ ಬರೆಯುವಾಗ ಉಪ್ಪಾರಹಳ್ಳಿ ಅಂತ ಪೂರ್ತಿ ಬರೀತಿದ್ದೀನಿ. ಶಾಲೆಯ ಹಳೇ ಸ್ನೇಹಿತರು ಓದುತ್ತಿದ್ದರೆ, ಒಂದು ಸೇರು ಉಪ್ಪು ಬೇಕಾದರೆ ಮನೆಗೇ ಬನ್ನಿ, ಕೊಡ್ತೀನಿ :-)

ಅಂದ ಹಾಗೆ, ನಿಮ್ಮೂರಿನ ಕೆರೆ ಕಟ್ಟಿಸಿದವರ ಹೆಸರು ನಿಮಗೆ ಗೊತ್ತಿರಬಹುದು. ಕಟ್ಟಿದವರು ಯಾರು? ನಿಮ್ಮ ಅಕ್ಕಪಕ್ಕದ ಯಾವ ಹಳ್ಳಿಯ ಹೆಸರಿನಲ್ಲಿ ಅವರು ಉಳಿದಿದ್ದಾರೆ? ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕೇಳಿ ನೋಡಿ, ಇಲ್ಲಿ ಬರೆಯಿರಿ. ನಾನು ಕೇಳಬೇಕಾದಾಗ ಕೇಳಲಿಲ್ಲ. ಕೆರೆ ಏರಿಗಳ ಬಗ್ಗೆ ಅಜ್ಜನಿಗೆ ಇನ್ನೂ ಏನೇನು ಗೊತ್ತಿತ್ತೋ, ಅವರ ಜೊತೆಗೇ ಹೋಯಿತು.